ನಾಲಿಗೆಯ ಟಕ್ ಸದ್ದಿಗೆ ಗೋಡೆಯಿಂದ ಬರುವ ಮಾರ್ದನಿ: ರಾಯಚೂರಿನ ಅಕ್ಕಾರ ಪ್ರಶ್ನೆಗೆ ಉತ್ತರ

ಅಕ್ಕಾರೆ, ನಮಸ್ಕಾರ. ಹನ್ನೆರಡು ವರ್ಷದ ಮಗನಿಗೆ ಕಣ್ಣು ಕಾಣಲ್ಲ, ನಾಲಿಗೆಯಿಂದ ಟಕ್ ಅನಿಸಿ ಗೋಡೆ ಎಲ್ಲಿದೆ ಅಂತ ತಾನಾಗಿಯೇ ಗುರುತು ಹಿಡಿಯೋಕೆ ಶುರು ಮಾಡಿದ್ದಾನೆ ಅಂತ ಬರೆದಿದ್ದೀರಿ. ಅಂಗಳದಲ್ಲಿ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅಡಾಸಿಟಿ ಅನ್ನೋ, ಧ್ವನಿಯನ್ನು ಗೆರೆಯಾಗಿ ತೋರಿಸೋ ಸಾಫ್ಟ್‌ವೇರಿನಲ್ಲಿ ತೆರೆದರೆ ಟಕ್ ಮಾತ್ರ ಕಾಣುತ್ತೆ, ಮಾರ್ದನಿ ಕಾಣಲ್ಲ. ಮಾರ್ದನಿಯನ್ನು ಹಿಡಿದು ಇಯರ್‌ಫೋನಿನಲ್ಲಿ ಜೋರಾಗಿ ಕೇಳಿಸೋ ಯಂತ್ರ ಮಾಡಿಕೊಡಬಹುದಾ ಅಂತ ಕೇಳಿದ್ದೀರಿ. ಮಾರ್ದನಿ ಹಿಡಿಯಬಹುದು, ಹೇಗಂತ ಹೇಳ್ತೀನಿ. ಇಯರ್‌ಫೋನ್ ಮಾತ್ರ ದಯವಿಟ್ಟು ಬೇಡ.

ಮಾರ್ದನಿ ಕಾಣದೇ ಇರೋದಕ್ಕೆ ಬಹುಮಟ್ಟಿಗೆ ಫೋನೇ ಕಾರಣ. ಮಾತು ಸ್ಪಷ್ಟವಾಗಿ ಕೇಳಲಿ ಅಂತ ಫೋನು ಸಣ್ಣ ಸದ್ದುಗಳನ್ನೆಲ್ಲ ಗದ್ದಲ ಅಂತ ತಿಳಿದು ಒರೆಸಿಬಿಡುತ್ತೆ, ಜೋರಾದ ಟಕ್ ಬಂದ ಕೂಡಲೇ ವಾಲ್ಯೂಮ್ ತಾನೇ ಇಳಿಸುತ್ತೆ. ನಿಮಗೆ ಬೇಕಾದ ಮಾರ್ದನಿ ಸರಿಯಾಗಿ ಆ ಹೊತ್ತಿಗೇ ಬರೋದು. ಹಾಗಾಗಿ ಈ ತಿದ್ದುಪಡಿಗಳನ್ನು ಬಂದ್ ಮಾಡಲು ಬಿಡುವ, ಧ್ವನಿ ಕುಗ್ಗಿಸದೆ ವೇವ್ (WAV) ಫೈಲಾಗಿ ಉಳಿಸುವ ರೆಕಾರ್ಡರ್ ಆ್ಯಪ್ ಹಾಕಿಕೊಳ್ಳಿ. ಫೋನನ್ನು ಬಾಯಿ ಮುಂದೆ ಹಿಡಿಯಬೇಡಿ, ಮಗನ ಕಿವಿ ಪಕ್ಕಕ್ಕೆ ಹಿಡಿಯಿರಿ. ಅವನು ಕೇಳೋದು ಅಲ್ಲಿಂದ ತಾನೆ.

ಈಗ ಲೆಕ್ಕ. 35 ಡಿಗ್ರಿ ಬಿಸಿಲಲ್ಲಿ ಸದ್ದು ಸೆಕೆಂಡಿಗೆ ಸುಮಾರು 352 ಮೀಟರ್ ಹೋಗುತ್ತೆ. ಗೋಡೆ 1 ಮೀಟರ್ ದೂರ ಇದ್ದರೆ ಹೋಗಿ ಬರೋಕೆ 5.7 ಮಿಲಿಸೆಕೆಂಡ್. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಬಿಡಿ ಅಳತೆ, ತೆಗೆಯೋ ರೆಕಾರ್ಡಿಂಗಿನಲ್ಲಿ ಅದು 250 ಸ್ಯಾಂಪಲ್ ಆಯ್ತು. ಅಡಾಸಿಟಿಯಲ್ಲಿ ಪೂರಾ ಒಂದು ಸೆಕೆಂಡ್ ನೋಡಿದರೆ ಕಾಣಲ್ಲ, 20 ಮಿಲಿಸೆಕೆಂಡ್ ಅಷ್ಟೇ ಕಾಣೋವರೆಗೆ ಹಿಗ್ಗಿಸಿ ನೋಡಿ. ಡಿಸೆಂಬರ್ ಬೆಳಗಿನ ಚಳಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ಸದ್ದಿನ ವೇಗದಲ್ಲಿ ನೂರಕ್ಕೆ ನಾಲ್ಕರಷ್ಟು ಫರಕು ಬರುತ್ತೆ, ಅಳತೆ ಬರೆದುಕೊಳ್ಳುವಾಗ ಬಿಸಿಲೆಷ್ಟಿತ್ತು ಅನ್ನೋದನ್ನೂ ಬರೆಯಿರಿ.

ಹತ್ತಿರದ ಗೋಡೆಯ ಕಥೆ ಬೇರೆ. ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದ ಲೋರ್ ಥೇಲರ್ ಮತ್ತು ಜೊತೆಗಾರರು ಹೀಗೆ ಟಕ್ ಅನಿಸಿ ಗುರುತು ಹಿಡಿಯೋದರಲ್ಲಿ ಪಳಗಿದ ಮೂವರ ಟಕ್ ಸದ್ದನ್ನು ಅಳೆದು 2017ರಲ್ಲಿ ಪ್ರಕಟಿಸಿದರು. ಒಂದೊಂದು ಟಕ್ ಸುಮಾರು 3 ಮಿಲಿಸೆಕೆಂಡ್, ಅದರ ಬಲವೆಲ್ಲ ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಸ್ ನಡುವೆ. ಅಂದರೆ ಅರ್ಧ ಮೀಟರಿಗಿಂತ ಹತ್ತಿರ ಹೋದರೆ ಟಕ್ ಮುಗಿಯೋದರೊಳಗೇ ಮಾರ್ದನಿ ಬಂದು ಅದರಲ್ಲಿ ಕಲೆತುಹೋಗುತ್ತೆ. ಆಗ ಮಾರ್ದನಿಯದೇ ಬೇರೆ ಗೆರೆ ಹುಡುಕಿ ಫಲ ಇಲ್ಲ, ಸ್ಪೆಕ್ಟ್ರಮ್, ಅಂದರೆ ಎಷ್ಟು ಹರ್ಟ್ಸಿನಲ್ಲಿ ಸದ್ದಿನ ಬಲ ಎಷ್ಟಿದೆ ಅನ್ನೋ ಗ್ರಾಫ್, ನೋಡಬೇಕು: ಬಾಚಣಿಗೆ ಹಲ್ಲಿನ ಥರ ಏರಿಳಿತ ಇರುತ್ತೆ. ಗೋಡೆ ಅರ್ಧ ಮೀಟರ್ ಇದ್ದಾಗ ಸುಮಾರು 350 ಹರ್ಟ್ಸಿಗೊಂದು ಹಲ್ಲು, ಕಾಲು ಮೀಟರಿಗೆ ಬಂದರೆ 700ಕ್ಕೊಂದು. ಕಿವಿಗೆ ಅದು ದನಿಯ ಬಣ್ಣ ಬದಲಾದ ಹಾಗೆ ಕೇಳುತ್ತೆ. ನಳದ ಕೆಳಗೆ ಕೊಡ ತುಂಬ್ತಾ ಬಂದ ಹಾಗೆ ಸದ್ದಿನ ಸ್ವರ ಏರುತ್ತಲ್ಲ, ಹಾಗೆ.

ದೂರದ ಗೋಡೆಗೆ, ಮಾರ್ದನಿ ಬೆರೆಯದ ಮಾದರಿ ಟಕ್ ಒಂದು ಬೇಕು. ಕೊಯ್ಲಾದ ಬಯಲು ಹೊಲದಲ್ಲಿ ಮಗನನ್ನು ನಿಲ್ಲಿಸಿ ಒಂದಿಷ್ಟು ಟಕ್ ರೆಕಾರ್ಡ್ ಮಾಡಿ, ಸ್ವಚ್ಛವಾದದ್ದನ್ನು ಕತ್ತರಿಸಿ ಇಟ್ಟುಕೊಳ್ಳಿ. ಅದನ್ನು ಅಂಗಳದ ರೆಕಾರ್ಡಿಂಗ್ ಮೇಲೆ ಒಂದೊಂದೇ ಸ್ಯಾಂಪಲ್ ಸರಿಸುತ್ತಾ ಗುಣಿಸಿ ಕೂಡಿದರೆ, ಎಲ್ಲಿ ಹೊಂದುತ್ತೋ ಅಲ್ಲಿ ಮೊತ್ತ ಎದ್ದು ನಿಲ್ಲುತ್ತೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಸೈಪೈ (SciPy) ಲೈಬ್ರರಿಯಲ್ಲಿ ಕೋರಿಲೇಟ್ ಅನ್ನೋ ಫಂಕ್ಷನ್ ಈ ಕೆಲಸ ಮಾಡುತ್ತೆ. ಅದಕ್ಕೂ ಮುಂಚೆ 1,000 ಹರ್ಟ್ಸಿಗಿಂತ ಕೆಳಗಿನದನ್ನು ತೆಗೆದುಬಿಡಿ, ಬೋರ್ ಮೋಟಾರಿನ ಗುಂಯ್ ಸದ್ದು, ಫ್ಯಾನಿನ ಸದ್ದು ಹೆಚ್ಚಿನಂಶ ಹೋಗುತ್ತೆ. 16 ಟಕ್ ಸೇರಿಸಿ ಸರಾಸರಿ ತೆಗೆದರೆ ಗದ್ದಲ ಕಾಲುಭಾಗಕ್ಕೆ ಇಳಿಯುತ್ತೆ. ಆದರೆ ತಲೆ ಅಲುಗಬಾರದು. 3 ಕಿಲೋಹರ್ಟ್ಸ್ ಸದ್ದಿನ ಅಲೆಯ ಉದ್ದ 12 ಸೆಂಟಿಮೀಟರ್ ಸನಿಹ. ತಲೆ 3 ಸೆಂಟಿಮೀಟರ್ ಮುಂದಕ್ಕೆ ಬಾಗಿದರೆ ಹೋಗಿ ಬರುವ ದಾರಿ 6 ಸೆಂಟಿಮೀಟರ್, ಅಂದರೆ ಅರ್ಧ ಅಲೆಯಷ್ಟು, ಕಡಿಮೆಯಾಗಿ, ಒಂದು ಟಕ್ಕಿನ ಮಾರ್ದನಿ ಇನ್ನೊಂದರ ಮಾರ್ದನಿಯನ್ನು ಅಳಿಸಿಹಾಕುತ್ತೆ. ನನಗೆ ಎರಡು ದಿನ ಹಾಳಾಗಿದ್ದು ಇದರಿಂದಲೇ. ಬೆನ್ನು, ತಲೆ ಎರಡೂ ಕಂಬಕ್ಕೆ ಆನಿಸಿ ಕೂರಿಸಿ.

ಇನ್ನು ಇಯರ್‌ಫೋನ್ ಯಾಕೆ ಬೇಡ ಅನ್ನೋದು. ಗಂಗಾವತಿ ಕಡೆ ನಮ್ಮ ಚಿಕ್ಕಪ್ಪನಿಗೆ ಎಳೆಯ ವಯಸ್ಸಿನಿಂದ ಕಣ್ಣಿಲ್ಲ. ರೈಸ್ ಮಿಲ್ ಗೋದಾಮಿನಲ್ಲಿ ಕೋಲು ಕುಟ್ಟುತ್ತಾ ಬಂದು ಗೋಡೆಗೆ ಒಂದು ಮೊಳ ಇರುವಾಗ ನಿಂತುಬಿಡ್ತಾರೆ. ಭತ್ತದ ಚೀಲದ ರಾಶಿ ಮುಂದಿದ್ದರೆ ಮಾತ್ರ ಕೈ ಮುಂದಕ್ಕೆ ಚಾಚ್ತಾರೆ, ಯಾಕಂದರೆ ಚೀಲ ಸದ್ದು ನುಂಗುತ್ತೆ. ಹೆಂಗ ಗೊತ್ತಾಗ್ತೈತಿ ಚಿಕ್ಕಪ್ಪ ಅಂದರೆ, "ಗ್ವಾಡಿ ಮಾರಿಗೆ ಬಂದ್ ತಾಗಿದಂಗ ಆಗತೈತಿ" ಅಂತಾರೆ. ಒಂದು ದಿನ ಮುಖಕ್ಕೆಲ್ಲ ದಪ್ಪ ಟವೆಲ್ ಸುತ್ತಿ, ಕಿವಿ ಬಿಟ್ಟು ನಡೆಸಿದೆ. ಅಲ್ಲೇ ನಿಂತರು. ಕಿವಿಗೆ ಹತ್ತಿ ತುಂಬಿದಾಗ ಗೋಡೆಗೆ ಕೈ ಬಡಿಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡಾಲೆನ್‌ಬಾಕ್ ಮತ್ತು ಅವರ ವಿದ್ಯಾರ್ಥಿಗಳು 1944ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಮುಖಕ್ಕೆ ತಾಗಿದಂತಾಗುವುದು ಚರ್ಮದಿಂದ ಅಲ್ಲ, ಕಿವಿಯಿಂದ.

ಆ ಕಿವಿಯನ್ನು ಇಯರ್‌ಫೋನ್ ಮುಚ್ಚುತ್ತೆ. ಕಿವಿಯ ಹಾಲೆಯ ಆಕಾರದಿಂದ ಸಿಗೋ ದಿಕ್ಕಿನ ಸುಳಿವು ಹೋಗುತ್ತೆ, ಒಂದೇ ಮೈಕಾದರೆ ಎಡ ಬಲ ಕೂಡ ಹೋಗುತ್ತೆ. ಜೋರು ಮಾಡಿದರೆ ಮಾರ್ದನಿ ಜೊತೆ ಟಕ್ ಕೂಡ ಜೋರಾಗುತ್ತೆ. ಮಾರ್ದನಿಯಿಂದ ಗುರುತು ಹಿಡಿಯೋದರಲ್ಲಿ ಪಳಗಿದ ಇಬ್ಬರು ಅಂಧರ ಮಿದುಳನ್ನು ಸ್ಕ್ಯಾನ್ ಮಾಡಿ ಥೇಲರ್ ತಂಡದವರು 2011ರಲ್ಲಿ ಬರೆದರು: ಮಾರ್ದನಿ ಇದ್ದ ಧ್ವನಿ ಕೇಳಿಸಿದಾಗ, ಇಲ್ಲದ್ದಕ್ಕಿಂತ ಹೆಚ್ಚು ಚುರುಕಾಗಿದ್ದು ನಮ್ಮಲ್ಲಿ ನೋಟಕ್ಕೆ ಮೀಸಲಾದ ಭಾಗ. ನಿಮ್ಮ ಮಗನ ತಲೆಯೊಳಗೆ ಅಂಥ ಕೆಲಸ ಆಗಲೇ ಶುರುವಾಗಿರಬಹುದು, ಅದಕ್ಕೆ ಅಡ್ಡ ಬರೋದು ಬೇಡ. ಚಳಿಗಾಲದಲ್ಲಿ ಮಂಕಿ ಕ್ಯಾಪ್ ಹಾಕಿದರೂ ಕಿವಿ ಹೊರಗಿರಲಿ.

ರೆಕಾರ್ಡಿಂಗ್ ಬೇಕಾಗೋದು ನಿಮಗೆ, ಯಾವ ಟಕ್ ಚೆನ್ನಾಗಿದೆ ಅಂತ ನೋಡೋಕೆ. ಚಿಕ್ಕದಾಗಿ, ಚುರುಕಾಗಿ, ಪ್ರತಿ ಸಲ ಒಂದೇ ಥರ ಬರೋದು ಒಳ್ಳೆಯದು. ಅಭ್ಯಾಸಕ್ಕೆ ಕದದಷ್ಟು ಅಗಲದ ಪ್ಲೈವುಡ್ ಹಲಗೆ ಹಿಡಿದು ಒಂದು ಮಾರು ದೂರದಲ್ಲಿ ನಿಲ್ಲಿ, ಇದೆಯೋ ಇಲ್ಲವೋ ಅಷ್ಟೇ ಕೇಳಿ. ಅದು ತಪ್ಪದೇ ಬಂದ ಮೇಲೆ ಎಡವೋ ಬಲವೋ, ಆಮೇಲೆ ಚಿಕ್ಕ ಹಲಗೆ. 2021ರಲ್ಲಿ ಡರಮ್‌ನವರು 10 ವಾರ ಕಲಿಸಿದಾಗ 21ರಿಂದ 79 ವಯಸ್ಸಿನವರು ಕಲಿತರು, ನಿಮ್ಮ ಮಗನಿಗೆ ಹನ್ನೆರಡೇ.

ಬಿಳಿ ಕೋಲು ಮಾತ್ರ ಎಂದೂ ಬಿಡಿಸಬೇಡಿ. ಬಟ್ಟೆ ಒಣಹಾಕೋ ತಂತಿ ಈ ಸದ್ದಿಗೆ ಸಿಗೋದು ಕಷ್ಟ. ಬಾಯಿ ತೆರೆದ ಚರಂಡಿ, ಇಳಿಯೋ ಮೆಟ್ಟಿಲು, ಕಾಲುವೆ ಅಂಚು, ಇವನ್ನು ಇದರ ಮೇಲೆ ನಂಬಿ ನಡೆಯೋ ಹಾಗೇ ಇಲ್ಲ.

ಹೊಲದ್ದು ಒಂದು, ಅಂಗಳದ್ದು ಒಂದು ವೇವ್ ಫೈಲ್ ನಮ್ಮ ಈ ಗುಂಪಿಗೆ ಹಾಕಿ, ಗೋಡೆ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದು ಬರೆಯಿರಿ. ವಾಟ್ಸಾಪಿನಲ್ಲಿ ಕಳಿಸೋದಾದರೆ ವಾಯ್ಸ್ ಮೆಸೇಜಾಗಿ ಬೇಡ, ಅದು ಧ್ವನಿ ಕುಗ್ಗಿಸುತ್ತೆ. ಡಾಕ್ಯುಮೆಂಟ್ ಅಂತ ಹಾಕಿ. ಭಾನುವಾರ ಕೂತು ಎರಡನ್ನೂ ಹೊಂದಿಸಿ, ಗ್ರಾಫ್ ಮಾಡಿ ಇಲ್ಲೇ ಹಾಕ್ತೀನಿ.