ಕುರ್‌ಆನ್ ಬದಲಾಗಲ್ಲ ಅಂದಮೇಲೆ ಹೊಸ ಅರ್ಥ ಎಲ್ಲಿಂದ ಬರುತ್ತದೆ?

"ಕುರ್‌ಆನ್‌ನ ಒಂದಕ್ಷರವನ್ನೂ ಮುಟ್ಟುವಂತಿಲ್ಲ ಅಂತೀರಿ, ಮತ್ತೆ ಹೊಸ ವ್ಯಾಖ್ಯಾನವನ್ನೂ ಒಪ್ಪುತ್ತೀರಿ. ಇದು ಹೇಗೆ ಸಾಧ್ಯ?" ಅಂತ ಕೇಳಿದ್ದೀರಿ. ಈ ಮಾತು ಬಂದರೆ ಎಲ್ಲರೂ ತಲಾಖ್, ಬುರ್ಖಾ ಅಂತ ಶುರು ಮಾಡುತ್ತಾರೆ. ನಾನು ಆಸ್ತಿಯ ವಿಷಯ ಹೇಳುತ್ತೇನೆ.

ಒಬ್ಬರಿಗೆ ಇಬ್ಬರು ಗಂಡುಮಕ್ಕಳು ಅಂತಿಟ್ಟುಕೊಳ್ಳಿ. ದೊಡ್ಡವನು ಚಿಕ್ಕ ಮಕ್ಕಳನ್ನು ಬಿಟ್ಟು ಅಪ್ಪನಿಗಿಂತ ಮೊದಲೇ ತೀರಿಕೊಂಡ. ಆಮೇಲೆ ಅಪ್ಪನೂ ಹೋದರು. ಹಳೆಯ ಫಿಕ್ಹ್ (ಇಸ್ಲಾಮೀ ಧರ್ಮಶಾಸ್ತ್ರದ ಕಾನೂನು) ಪ್ರಕಾರ ಬದುಕಿರುವ ಮಗನಿದ್ದರೆ ಮೊಮ್ಮಕ್ಕಳಿಗೆ ಪಾಲಿಲ್ಲ. ಯತೀಮ್ (ಅಪ್ಪನಿಲ್ಲದ) ಮಕ್ಕಳ ಬಗ್ಗೆ ಅಷ್ಟೊಂದು ಹೇಳುವ ಗ್ರಂಥ ಓದುವವರಿಗೆ ಇದು ಚುಚ್ಚದೇ ಇರುತ್ತದಾ?

ಈಜಿಪ್ಟ್ 1946ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಕುರ್‌ಆನ್‌ನ ಸೂರಾ (ಅಧ್ಯಾಯ) ಅಲ್ ಬಕರಾದ 180ನೇ ಆಯತ್ (ವಾಕ್ಯ), ಆಸ್ತಿ ಬಿಟ್ಟು ಹೋಗುವವರು ತಂದೆತಾಯಿಗೂ ಹತ್ತಿರದ ನೆಂಟರಿಗೂ ವಸಿಯತ್ (ಉಯಿಲು) ಮಾಡಬೇಕು ಅನ್ನುತ್ತದೆ. ಸೂರಾ ಅನ್ನಿಸಾದಲ್ಲಿ ಪಾಲಿನ ಲೆಕ್ಕ ಬಂದಮೇಲೆ ಈ ಆಜ್ಞೆ ರದ್ದಾಯಿತು ಅನ್ನೋದು ಹೆಚ್ಚಿನ ಉಲಮಾಗಳ (ಧರ್ಮ ವಿದ್ವಾಂಸರ) ಮಾತು. ಆದರೆ 11ನೇ ಶತಮಾನದಲ್ಲೇ ಸ್ಪೇನಿನ ವಿದ್ವಾಂಸ ಇಬ್ನ್ ಹಝ್ಮ್ ಇದನ್ನು ಒಪ್ಪಿರಲಿಲ್ಲ. ಪಾಲು ಸಿಗದ ನೆಂಟರಿಗೆ ವಸಿಯತ್ ಈಗಲೂ ಕಡ್ಡಾಯ ಅಂದಿದ್ದರು. ಕಾನೂನು ಬರೆದವರು ಆ ಮಾತನ್ನೇ ಹಿಡಿದರು. ಅಜ್ಜ ವಸಿಯತ್ ಬರೆಯದೆ ಸತ್ತರೂ ಬರೆದಂತೆಯೇ ಲೆಕ್ಕ. ತೀರಿಕೊಂಡ ಮಗನಿಗೆ ಬರಬೇಕಿದ್ದ ಪಾಲು, ಆಸ್ತಿಯ ಮೂರನೇ ಒಂದು ಭಾಗ ಮೀರದಂತೆ, ಅವನ ಮಕ್ಕಳಿಗೆ. ಸಿರಿಯಾ, ಟುನೀಶಿಯಾ, ಮೊರಾಕೊ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಂಡು ಇದೇ ದಾರಿ ಹಿಡಿದವು.

ಪಾಕಿಸ್ತಾನ 1961ರಲ್ಲಿ ನೇರವಾಗಿ, ತೀರಿಕೊಂಡ ಮಗನ ಪೂರ್ತಿ ಪಾಲನ್ನೇ ಅವನ ಮಕ್ಕಳಿಗೆ ಕೊಟ್ಟಿತು. 2000ದಲ್ಲಿ ಅಲ್ಲಿನ ಫೆಡರಲ್ ಶರಿಯತ್ ಕೋರ್ಟ್ ಅದು ಇಸ್ಲಾಮಿಗೆ ವಿರುದ್ಧ ಅಂದಿತು. ನನಗೆ ಈಜಿಪ್ಟಿನ ದಾರಿಯೇ ಜಾಸ್ತಿ ಗಟ್ಟಿ ಅನಿಸುತ್ತದೆ. ಪಾಲಿನ ಲೆಕ್ಕವನ್ನು ಅದು ಮುಟ್ಟಲೇ ಇಲ್ಲ, ಮೂಲೆಗೆ ಸರಿಸಿದ್ದ ಆಯತ್ ಒಂದನ್ನು ಮುಂದೆ ತಂದಿತು, ಅಷ್ಟೇ.

ಎಲ್ಲ ಹೊಸ ಓದೂ ಇಷ್ಟು ಗಟ್ಟಿ ಅಲ್ಲ. ಟುನೀಶಿಯಾ 1956ರಲ್ಲಿ ಬಹುಪತ್ನಿತ್ವ ನಿಷೇಧಿಸಿತು. "ನ್ಯಾಯ ಮಾಡಲಾಗದು ಅನಿಸಿದರೆ ಒಬ್ಬಳೇ" ಅನ್ನುವ 4:3ನ್ನೂ (ನಾಲ್ಕನೇ ಸೂರಾದ ಮೂರನೇ ಆಯತ್), "ಹೆಂಡಂದಿರ ನಡುವೆ ನ್ಯಾಯ ಮಾಡಲು ನಿಮ್ಮಿಂದ ಆಗದು" ಅನ್ನುವ 4:129ನ್ನೂ ಜೋಡಿಸಿ ಓದಿದ ವಾದ ಅದು. ನಿಷೇಧ ನನಗೆ ಇಷ್ಟ. ಆದರೆ ಅದೇ 129ನೇ ಆಯತ್ ಮುಂದುವರಿದು "ಒಬ್ಬಳ ಕಡೆಗೇ ಪೂರ್ತಿ ವಾಲಿ ಇನ್ನೊಬ್ಬಳನ್ನು ತೂಗಾಡಲು ಬಿಡಬೇಡಿ" ಅನ್ನುತ್ತದಲ್ವಾ? ವಿರೋಧಿಗಳು ಹಿಡಿಯುವುದು ಅದನ್ನೇ. ಅದನ್ನು ಸುಮ್ನೆ ತಳ್ಳಿಹಾಕೋಕೆ ಆಗಲ್ಲ.

ಭಾರತದಲ್ಲಿ ಈಜಿಪ್ಟಿನಂಥ ಕಾನೂನು ಇಲ್ಲ. ಆದರೆ ಅಜ್ಜ ಬದುಕಿರುವಾಗಲೇ ವಸಿಯತ್ ಬರೆಯಬಹುದು. ಪಾಲು ಸಿಗದ ಮೊಮ್ಮಕ್ಕಳಿಗೆ, ಸಾಲ ತೀರಿದ ಮೇಲೆ ಉಳಿದದ್ದರಲ್ಲಿ ಮೂರನೇ ಒಂದು ಭಾಗದವರೆಗೆ ಕೊಡಲು ಯಾರ ಒಪ್ಪಿಗೆಯೂ ಬೇಕಿಲ್ಲ. ನಮ್ಮ ನೆಂಟರೊಬ್ಬರು ಹಾಗೇ ಮಾಡಿದರು. ವಸಿಯತ್‌ನ ಆ ಆಯತ್ ರದ್ದಾಗಿದೆ ಅಂತ ವಾದಿಸುತ್ತಿದ್ದ ಮೌಲ್ವಿ ಸಾಹೇಬರೇ ಸಾಕ್ಷಿ ರುಜು ಹಾಕಿದರು.