ಬ್ರಿಟನ್ನಿನಲ್ಲಿ ಮೊದಲ ಸೆಕೆಂಡ್ ಹ್ಯಾಂಡ್ ಕಾರು: ಬಣ್ಣಕ್ಕಿಂತ ಮೊದಲು ಜಾತಕ ನೋಡಿ

ನೀವು ಕೇಳಿದ್ದು ಇಷ್ಟು: ರೆಡಿಂಗ್‌ಗೆ ಬಂದು ಮೂರು ತಿಂಗಳಾಯಿತು, ಮನೆಯಲ್ಲಿ ಹೆಂಡತಿ ಮತ್ತು ಮೂರು ವರ್ಷದ ಮಗಳು, ಕೈಯಲ್ಲಿ ಭಾರತದ ಲೈಸೆನ್ಸ್ ಮತ್ತು 5,000 ಪೌಂಡ್. ಒಬ್ಬರು 2012ರ ಹೋಂಡಾ ಜಾಝ್ ಅನ್ನು 4,300ಕ್ಕೆ ಕೊಡುತ್ತೇನೆ ಅಂದಿದ್ದಾರೆ, ತಗೊಳ್ಳಬಹುದಾ?

ತಗೊಳ್ಳಬಹುದು, ಆದರೆ ಇನ್ನೂ ಮುಂಗಡ ಕೊಡಬೇಡಿ. ಐದು ಸಾವಿರವನ್ನೂ ಕಾರಿಗೇ ಸುರಿಯಲೂ ಬೇಡಿ. ನಾಲ್ಕು ಸಾವಿರದ ಆಸುಪಾಸಿನಲ್ಲಿ ಕಾರು ಮುಗಿಸಿ, ಉಳಿದದ್ದನ್ನು ಮೊದಲ ವರ್ಷದ ಟಯರ್, ಬ್ರೇಕ್, ಸರ್ವಿಸ್‌ಗೆ ಎತ್ತಿಡಿ. ಹತ್ತು ವರ್ಷ ದಾಟಿದ ಕಾರು ಹೊಸ ಯಜಮಾನರ ಕೈಯಲ್ಲಿ ಮೊದಲ ವರ್ಷ ಏನಾದರೂ ಕೇಳಿಯೇ ಕೇಳುತ್ತದೆ. ಇನ್ಶೂರೆನ್ಸ್ ಇದರ ಹೊರಗಿನ ಲೆಕ್ಕ.

ಮೊದಲು ಲೈಸೆನ್ಸ್ ವಿಷಯ. ಭಾರತದ ಲೈಸೆನ್ಸಿನಲ್ಲಿ ನೀವು 12 ತಿಂಗಳು ಓಡಿಸಬಹುದು. ಎಣಿಕೆ ಶುರುವಾಗುವುದು ನೀವು ಇಲ್ಲಿ ವಾಸಕ್ಕೆ ಬಂದ ದಿನದಿಂದ, ಕಾರು ಕೊಂಡ ದಿನದಿಂದ ಅಲ್ಲ. ಅಂದರೆ ನಿಮಗೆ ಉಳಿದಿರುವುದು ಒಂಬತ್ತೇ ತಿಂಗಳು. ಪ್ರೊವಿಷನಲ್ ಲೈಸೆನ್ಸ್‌ಗೆ, ಅಂದರೆ ಇಲ್ಲಿನ ಕಲಿಯುವವರ ಲೈಸೆನ್ಸ್‌ಗೆ, ಈ ವಾರವೇ ಆನ್‌ಲೈನ್ ಅರ್ಜಿ ಹಾಕಿ, 34 ಪೌಂಡ್. ಥಿಯರಿ ಪರೀಕ್ಷೆಗೆ 23, ವಾರದ ದಿನಗಳ ಡ್ರೈವಿಂಗ್ ಟೆಸ್ಟ್‌ಗೆ 62. ದುಡ್ಡಿಗಿಂತ ಕಷ್ಟ ಟೆಸ್ಟಿನ ದಿನಾಂಕ ಸಿಗುವುದು, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. 12 ತಿಂಗಳು ಮುಗಿದ ಮರುದಿನದಿಂದ ಎಷ್ಟೇ ವರ್ಷದ ಅನುಭವವಿದ್ದರೂ ನೀವು ಕಲಿಯುವವರೇ: ಕಾರಿಗೆ ಎಲ್ ಬೋರ್ಡ್, ಪಕ್ಕದಲ್ಲಿ 21 ದಾಟಿದ, ಕನಿಷ್ಠ ಮೂರು ವರ್ಷದ ಪೂರ್ಣ ಲೈಸೆನ್ಸ್ ಇರುವವರು. ಇನ್ನೊಂದು, ಆಟೊಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಪಾಸಾದರೆ ಆಟೊಮ್ಯಾಟಿಕ್ ಮಾತ್ರ ಓಡಿಸಬಹುದು. ಗೇರ್ ಹಾಕುವ ಅಭ್ಯಾಸ ನಿಮಗಿದೆ, ಗೇರ್ ಕಾರಿನಲ್ಲೇ ಪಾಸಾಗಿ.

ಕಾರು ಇಷ್ಟವಾಗುವ ಮುಂಚೆಯೇ ಇನ್ಶೂರೆನ್ಸ್ ಎಷ್ಟಾಗುತ್ತದೆ ನೋಡಿ. ಇಲ್ಲಿ ಕಾರುಗಳನ್ನು 1ರಿಂದ 50ರವರೆಗೆ ಗುಂಪು ಮಾಡಿದ್ದಾರೆ, ಸಂಖ್ಯೆ ಚಿಕ್ಕದಾದಷ್ಟು ಕಂತು ಕಡಿಮೆ. ಭಾರತದ ಲೈಸೆನ್ಸ್ ಇದ್ದರೆ ಕಂತು ಏರುತ್ತದೆ, ಊರಿನ ನೋ ಕ್ಲೇಮ್ ಬೋನಸ್ಸನ್ನು ಹೆಚ್ಚಿನ ಕಂಪನಿಗಳು ಒಪ್ಪುವುದಿಲ್ಲ. ದರ ಹೋಲಿಸುವ ಎರಡು ಮೂರು ಸೈಟ್‌ಗಳಲ್ಲಿ ಆ ಕಾರಿನ ನಂಬರ್ ಮತ್ತು ನಿಮ್ಮ ಪೋಸ್ಟ್‌ಕೋಡ್ ಹಾಕಿ. ಪಾಲಿಸಿ ಶುರುವಾಗಬೇಕಾದ ದಿನಕ್ಕೆ ಮೂರು ವಾರ ಮುಂಚೆ ಕೇಳಿದರೆ ಸಿಗುವ ದರ, ಹಿಂದಿನ ದಿನ ಕೇಳಿದಾಗಿನ ದರಕ್ಕಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಆಫೀಸಿಗೆ ಓಡಿಸುವುದಾದರೆ ಬಳಕೆಯ ಕಾಲಂನಲ್ಲಿ ಕಮ್ಯೂಟಿಂಗ್ ಸೇರಿಸಲೇಬೇಕು. ಕಂತು ಇಳಿಸಲು ಅನುಭವಿ ಸ್ನೇಹಿತರ ಹೆಸರಿನಲ್ಲಿ ಪಾಲಿಸಿ ಮಾಡಿಸಿ ನೀವು ಓಡಿಸುವ ಉಪಾಯವನ್ನು ಯಾರಾದರೂ ಹೇಳಿಯಾರು. ಅದು ವಂಚನೆ. ಅಪಘಾತವಾದಾಗ ಕ್ಲೇಮ್ ತಿರಸ್ಕರಿಸುತ್ತಾರೆ, ಮುಂದೆ ಇನ್ಶೂರೆನ್ಸ್ ಸಿಗುವುದೂ ಕಷ್ಟವಾಗುತ್ತದೆ. ಹೆಂಡತಿಯೂ ಓಡಿಸುವುದಿದ್ದರೆ ಎರಡನೇ ಚಾಲಕರಾಗಿ ಸೇರಿಸಿ, ಅದು ನ್ಯಾಯವಾದ ದಾರಿ.

ಯಾವ ಕಾರು ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು: ಪೆಟ್ರೋಲ್, ಗೇರ್, ಟೈಮಿಂಗ್ ಚೈನ್ ಇರುವ ಇಂಜಿನ್ (ಇಂಜಿನ್ನಿನ ಭಾಗಗಳನ್ನು ಒಂದೇ ತಾಳಕ್ಕೆ ಓಡಿಸಲು ರಬ್ಬರ್ ಬೆಲ್ಟಿನ ಬದಲು ಸರಪಳಿ ಇರುವಂಥದ್ದು). ಜಾಝ್, ಟೊಯೋಟಾ ಯಾರಿಸ್, ಸುಝುಕಿ ಸ್ವಿಫ್ಟ್, ಹ್ಯುಂಡೈ ಐ10, ಕಿಯಾ ಪಿಕಾಂಟೊ ಇವುಗಳಲ್ಲೇ ಹುಡುಕಿ. ಡೀಸೆಲ್ ಏಕೆ ಬೇಡ? ಅದರ ಹೊಗೆನಳಿಗೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಆ ಮಸಿ ಸುಟ್ಟುಹೋಗಲು ಇಂಜಿನ್ ಬಿಸಿಯಾಗಿ ಹೆದ್ದಾರಿಯಲ್ಲಿ ಆಗಾಗ ಓಡಬೇಕು. ಮಗುವಿನ ನರ್ಸರಿ, ಅಂಗಡಿ, ಮನೆ ಎಂದು ಎರಡೆರಡು ಮೈಲಿ ಓಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಹೊಸದು ಹಾಕಿಸುವ ಖರ್ಚು ಹಳೇ ಕಾರಿನ ಬೆಲೆಯ ಹತ್ತಿರ ಬಂದುಬಿಡಬಹುದು. ಅಲ್ಲದೆ ಹೆಚ್ಚು ಹೊಗೆ ಬಿಡುವ ಹಳೇ ಕಾರುಗಳಿಗೆ ದಿನದ ಶುಲ್ಕ ಹಾಕುವ ಲಂಡನ್ನಿನ ಯುಲೆಜ್ ವಲಯ 2023ರ ಆಗಸ್ಟ್ 29ರಿಂದ ನಗರದ ಎಲ್ಲ ಬರೋಗಳನ್ನೂ, ಅಂದರೆ ಆಡಳಿತ ಭಾಗಗಳನ್ನೂ, ಆವರಿಸಿದೆ. ಸಾಮಾನ್ಯವಾಗಿ 2006ರ ನಂತರದ ಪೆಟ್ರೋಲ್ ಕಾರಿಗೆ ಅಲ್ಲಿ ಶುಲ್ಕವಿಲ್ಲ, ಡೀಸೆಲ್ ಆದರೆ 2015ರ ಸೆಪ್ಟೆಂಬರ್ ನಂತರದ್ದೇ ಆಗಬೇಕು. ಇಲ್ಲದಿದ್ದರೆ ದಿನಕ್ಕೆ 12.50 ಪೌಂಡ್.

ಕೆಲವು ಸಣ್ಣ ಟರ್ಬೊ ಇಂಜಿನ್‌ಗಳಲ್ಲಿ, ಫೋರ್ಡಿನ 1.0 ಇಕೊಬೂಸ್ಟ್, ಪೂಜೊ ಮತ್ತು ಸಿಟ್ರೊಯೆನ್‌ನ 1.2 ಪ್ಯೂರ್‌ಟೆಕ್ ತರಹದವುಗಳಲ್ಲಿ, ಟೈಮಿಂಗ್ ಬೆಲ್ಟ್ ಇಂಜಿನ್ ಆಯಿಲ್‌ನೊಳಗೇ ಓಡುತ್ತದೆ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸದಿದ್ದರೆ ಬೆಲ್ಟಿನ ರಬ್ಬರ್ ಉದುರಿ ಆಯಿಲ್ ಹೋಗುವ ಜಾಲರಿಯನ್ನು ಕಟ್ಟಿಬಿಡುತ್ತದೆ. ಆಮೇಲೆ ಇಂಜಿನ್ನೇ ಹೋಗುತ್ತದೆ. ಬೆಲ್ಟ್ ಬದಲಾಯಿಸಿದ ರಸೀದಿ ಇಲ್ಲದೆ ಅಂಥವುಗಳ ಹತ್ತಿರ ಹೋಗಬೇಡಿ. ಆಟೊಮ್ಯಾಟಿಕ್ಕೇ ಬೇಕೆಂದರೆ 2008ರಿಂದ ಮೊದಲ ಕೆಲವು ವರ್ಷದ ಜಾಝ್‌ನ ಐ-ಶಿಫ್ಟ್ ಬಿಟ್ಟುಬಿಡಿ. ಅದು ಕ್ಲಚ್ಚನ್ನು ಯಂತ್ರ ಒತ್ತುವ ಗೇರ್‌ಬಾಕ್ಸ್, ನಿಜವಾದ ಆಟೊಮ್ಯಾಟಿಕ್ ಅಲ್ಲ.

ರೋಡ್ ಟ್ಯಾಕ್ಸಿನಲ್ಲಿ ಒಂದು ಗೆರೆ ನೆನಪಿಡಿ: 2017ರ ಏಪ್ರಿಲ್ 1. ಅದಕ್ಕೆ ಮುಂಚೆ ನೋಂದಾಯಿತವಾದ ಕಾರಿಗೆ ತೆರಿಗೆ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಲೆಕ್ಕದ ಮೇಲೆ. ಕಿಲೋಮೀಟರಿಗೆ 110 ಗ್ರಾಂ ಒಳಗಿದ್ದರೆ 2025ರ ಏಪ್ರಿಲ್ ದರದಲ್ಲಿ ವರ್ಷಕ್ಕೆ ಬರೀ 20 ಪೌಂಡ್ ಇತ್ತು. 2017ರ ಏಪ್ರಿಲ್ 1 ಅಥವಾ ಆಮೇಲೆ ನೋಂದಾಯಿತವಾದದ್ದಾದರೆ ಅದೇ ಮಾದರಿಗೂ ಆ ದರದಲ್ಲಿ 195 ಇತ್ತು. ನಂಬರ್ ಪ್ಲೇಟಿನಲ್ಲಿ 17 ಅಂತಿದ್ದರೆ ಮಾರ್ಚಿನಿಂದ ಆಗಸ್ಟ್‌ವರೆಗಿನ ಯಾವ ತಿಂಗಳಿನದೂ ಆಗಿರಬಹುದು, ಆದ್ದರಿಂದ ತಿಂಗಳು ಕೇಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂರು ವರ್ಷ ದಾಟಿದ ಪ್ರತಿ ಕಾರೂ ಇಲ್ಲಿ ವರ್ಷಕ್ಕೊಮ್ಮೆ ಎಂಓಟಿ ಪರೀಕ್ಷೆಗೆ, ಅಂದರೆ ರಸ್ತೆಗಿಳಿಯಲು ಯೋಗ್ಯವೇ ಎಂಬ ತಪಾಸಣೆಗೆ, ಹೋಗಬೇಕು, ಆ ಎಲ್ಲ ಪರೀಕ್ಷೆಗಳ ಫಲಿತಾಂಶವೂ ಸರ್ಕಾರದ ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ನಂಬರ್ ಹಾಕಿದರೆ ಸಾಕು. ಇದೇ ಕಾರಿನ ಜಾತಕ. ಮಾರುವವರ ಮಾತಿಗಿಂತ ಇದನ್ನು ನಂಬಿ.

ಓದುವುದು ಹೀಗೆ. ಮೊದಲು ಮೈಲಿಗಳ ಸಾಲನ್ನು ಮಾತ್ರ ಕಾಗದದ ಮೇಲೆ ಬರೆದುಕೊಳ್ಳಿ. ವರ್ಷಕ್ಕೆ ಆರೇಳು ಸಾವಿರದಂತೆ ಏರುತ್ತಾ ಬಂದದ್ದು ಒಂದು ವರ್ಷ ಹಿಂದಕ್ಕೆ ಬಂದಿದ್ದರೆ ಮೀಟರ್ ತಿರುಗಿಸಿದ್ದಾರೆ ಅಥವಾ ಟೈಪಿಸುವಾಗ ತಪ್ಪಾಗಿದೆ, ಮುಂದಿನ ವರ್ಷದ ಅಂಕಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಆಮೇಲೆ ಅಡ್ವೈಸರಿಗಳು, ಅಂದರೆ ಪಾಸಾಗಿದೆ, ಆದರೆ ಇದರ ಮೇಲೆ ಕಣ್ಣಿಡಿ ಎಂಬ ಸೂಚನೆಗಳು. ಫೇಲ್ ಆಗಿದೆ ಎಂದು ಹೆದರಬೇಡಿ, ಒಂದು ಬಲ್ಬ್ ಉರಿಯದಿದ್ದರೂ ಫೇಲ್ ಆಗುತ್ತದೆ. ನೋಡಬೇಕಾದದ್ದು ಯಜಮಾನರ ನಡತೆ. ಈ ವರ್ಷ 'ಮುಂದಿನ ಟಯರ್ ಸವೆದಿದೆ' ಎಂದು ಬಂದದ್ದು ಮುಂದಿನ ವರ್ಷ ಮಾಯವಾಗಿದ್ದರೆ ಕಾರನ್ನು ನೋಡಿಕೊಂಡವರು ಇದ್ದಾರೆ. ಒಂದೇ ಸೂಚನೆ ಮೂರು ವರ್ಷ ಮರುಕಳಿಸಿ, ನಾಲ್ಕನೇ ವರ್ಷ ಫೇಲ್ ಆದ ಮೇಲೇ ರಿಪೇರಿ ಆಗಿದ್ದರೆ, ಆಯಿಲ್ ಬದಲಾಯಿಸುವುದರಲ್ಲೂ ಅವರು ಹೀಗೇ ಮಾಡಿರುತ್ತಾರೆ. ಒಂದು ಪದವನ್ನಂತೂ ಬೆರಳಿಟ್ಟು ಹುಡುಕಿ: ಕೊರೋಶನ್, ತುಕ್ಕು. ಎರಡು ವರ್ಷ ಕೆಳಭಾಗದ ತುಕ್ಕಿನ ಸೂಚನೆ ಬಂದು, ಮೂರನೇ ವರ್ಷ ವೆಲ್ಡಿಂಗ್ ರಸೀದಿ ಇಲ್ಲದೆಯೇ ಅದು ಮಾಯವಾಗಿದ್ದರೆ ಮೇಲೆ ಕಪ್ಪು ಬಣ್ಣ ಬಳಿದಿರುವ ಸಾಧ್ಯತೆ ಹೆಚ್ಚು. ತುಕ್ಕು ತಾನಾಗಿ ವಾಸಿಯಾಗುವುದಿಲ್ಲ.

ಕರ್ನಾಟಕದ ಒಳನಾಡಿನಲ್ಲಿ ಕಾರು ನೋಡಿ ಬೆಳೆದವರಿಗೆ ಈ ತುಕ್ಕಿನ ಅಂದಾಜು ಇರುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ಹಿಮ ಕಟ್ಟದಿರಲಿ ಎಂದು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪುನೀರು ಕೆಳಗಡೆ ಬ್ರೇಕ್ ಪೈಪು, ಹಿಂದಿನ ಆಕ್ಸಲ್, ಬಾಗಿಲ ಕೆಳಗಿನ ಪಟ್ಟಿ ಎಲ್ಲವನ್ನೂ ತಿನ್ನುತ್ತದೆ. ಕಾಯಿಲ್ ಸ್ಪ್ರಿಂಗ್ ಮುರಿಯುವುದಕ್ಕೂ ಒಂದು ಕಾರಣ ಇದೇ. ಹಾಗಾಗಿ ನೋಡಲು ಹೋಗುವಾಗ ಟಾರ್ಚ್ ಮತ್ತು ಮಂಡಿ ಊರಲು ಒಂದು ಹಳೇ ಬಟ್ಟೆ ತಗೊಂಡು ಹೋಗಿ.

ಹಗಲಲ್ಲಿ ಹೋಗಿ, ಮಳೆಯಲ್ಲಿ ಬೇಡ. ಒದ್ದೆ ಬಣ್ಣ ಗೀರನ್ನೂ ಮರುಬಣ್ಣವನ್ನೂ ಮುಚ್ಚುತ್ತದೆ. ಇಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಹೇಳಿ, ತಲುಪಿದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ತಣ್ಣಗಿರುವಾಗಿನ ಸದ್ದನ್ನು ನಿಮಗೆ ಕೇಳಿಸಬಾರದೆಂದಿರಬಹುದು. ತಣ್ಣಗಿರುವಾಗಲೇ ಕೂಲೆಂಟ್ ಮಟ್ಟ ನೋಡಿ, ಆಯಿಲ್ ಕಡ್ಡಿ ಎಳೆದು ನೋಡಿ, ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದಾರ್ಥ ಇದೆಯೇ ನೋಡಿ. ಚಳಿಯಲ್ಲಿ ಸಣ್ಣ ಸಣ್ಣ ಓಡಾಟ ಮಾಡಿದ ಕಾರಿನಲ್ಲಿ ತೆಳುವಾದ ಪದರ ಸಹಜ. ಕೂಲೆಂಟೂ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನೊಳಗೆ ಆಯಿಲ್ ಮತ್ತು ಕೂಲೆಂಟ್ ಬೆರೆಯದಂತೆ ತಡೆಯುವ ಹಾಳೆ) ಹೋಗಿರಬಹುದು, ಅಲ್ಲಿಂದ ಹೊರಟುಬಿಡಿ. ಓಡಿಸುವಾಗ 25 ಮೈಲಿ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ ಸದ್ದು ಏರಿ ಕಾರಿನ ವೇಗ ಏರದಿದ್ದರೆ ಕ್ಲಚ್ ಸವೆದಿದೆ. ಎಂಓಟಿಯಲ್ಲಿ ಕ್ಲಚ್, ಗೇರ್‌ಬಾಕ್ಸ್, ಇಂಜಿನ್ ಒಳಭಾಗ ಯಾವುದನ್ನೂ ನೋಡುವುದಿಲ್ಲ, ಅದನ್ನು ನೀವೇ ನೋಡಬೇಕು. ಖಾಸಗಿಯವರ ಕಾರು ಓಡಿಸಿ ನೋಡುವುದಾದರೆ ಒಂದು ದಿನದ ಇನ್ಶೂರೆನ್ಸ್ ಮಾಡಿಸಿಕೊಂಡೇ ಸ್ಟಿಯರಿಂಗ್ ಹಿಡಿಯಿರಿ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಎಂದರೆ 2019ರ 23ನೇ ವಾರ. ಕಾನೂನಿನ ಪ್ರಕಾರ ಟಯರಿನ ತೋಡಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು, 3ರ ಹತ್ತಿರ ಬಂದಿದ್ದರೆ ಟಯರ್ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಿರಿ. ಡಿಕ್ಕಿಯ ಹಾಸು ಎತ್ತಿ ಸ್ಟೆಪ್ನಿ ಇದೆಯೇ ನೋಡಿ. (ನಾವೆಲ್ಲ ಬಳಸುವ ಈ ಪದ ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. ಆದರೆ ಇಲ್ಲಿನ ಗ್ಯಾರೇಜಿನಲ್ಲಿ ಸ್ಪೇರ್ ವೀಲ್ ಎಂದೇ ಕೇಳಬೇಕು.) ಜಾಝ್‌ನಲ್ಲಿ ಆ ಗುಂಡಿಯಲ್ಲಿ ನೀರು ನಿಲ್ಲುವ ದೂರು ಇದೆ, ಬೆರಳಿಟ್ಟು ನೋಡಿ. ಜಾಝ್‌ನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯನ್ನು ಶುದ್ಧಮಾಡುವ ಭಾಗ) ಕಳ್ಳರಿಗೆ ಬಲು ಇಷ್ಟ, ಅದರ ಬೆಲೆಬಾಳುವ ಲೋಹಕ್ಕಾಗಿ. ರಸ್ತೆಯಲ್ಲೇ ನಿಲ್ಲಿಸುವವರಾದರೆ ಅದಕ್ಕೊಂದು ಲಾಕ್ ಹಾಕಿಸುವ ಖರ್ಚನ್ನೂ ಸೇರಿಸಿಕೊಳ್ಳಿ.

ಎಂಓಟಿ ದಾಖಲೆಯಲ್ಲಿ ಕಾರಿನ ಸಾಲ ಕಾಣುವುದಿಲ್ಲ. ಕೆಲವು ಪೌಂಡ್ ಕೊಟ್ಟು ಹಿಸ್ಟರಿ ಚೆಕ್ ಮಾಡಿಸಿ. ಬಾಕಿ ಸಾಲ, ಕಳವು, ಅಪಘಾತದ ನಂತರ ಇನ್ಶೂರೆನ್ಸ್ ಕಂಪನಿ ಕೈಬಿಟ್ಟ ಕಾರೇ ಎಂಬುದು, ಮೂರೂ ಗೊತ್ತಾಗುತ್ತವೆ. ಹಾಗೆ ಕೈಬಿಟ್ಟ ಕಾರಿನಲ್ಲಿ ಕ್ಯಾಟಗರಿ ಎನ್ ಎಂದರೆ ಚೌಕಟ್ಟಿಗೆ ಪೆಟ್ಟಾಗಿಲ್ಲ, ಎಸ್ ಎಂದರೆ ಆಗಿದೆ. ಮೊದಲ ಕಾರಿಗೆ ಎರಡೂ ಬೇಡ, ಇನ್ಶೂರೆನ್ಸ್‌ಗೂ ತೊಡಕು, ಮಾರುವಾಗಲೂ ತೊಡಕು.

ಡೀಲರ್ ಹತ್ತಿರ ಕೊಂಡರೆ ಬೆಲೆ ಜಾಸ್ತಿ, ಆದರೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ರಕ್ಷಣೆ ಇದೆ: ದೋಷವಿದ್ದರೆ 30 ದಿನದೊಳಗೆ ಕಾರು ವಾಪಸ್ ಕೊಡಬಹುದು, ಆರು ತಿಂಗಳವರೆಗೆ ಕಂಡ ದೋಷ ಮಾರುವಾಗಲೇ ಇತ್ತು ಎಂದೇ ಕಾನೂನು ಎಣಿಸುತ್ತದೆ. ಮುಂಗಡವನ್ನಾದರೂ ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟರೆ ಕಾರ್ಡ್ ಕಂಪನಿಯೂ ಇಡೀ ಬೆಲೆಗೆ ಹೊಣೆಯಾಗುತ್ತದೆ. ಖಾಸಗಿಯವರಿಂದ ಕೊಂಡರೆ ಇದೊಂದೂ ಇಲ್ಲ, ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ತಾಳೆಯಾಗಬೇಕು ಅಷ್ಟೆ. ಹಾಗಾಗಿ ನಿಮ್ಮ ಜಾಝ್‌ನ ಜಾಹೀರಾತನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ದುಡ್ಡು ಕೊಡುವುದು ಅವರ ಮನೆಯ ಬಾಗಿಲಲ್ಲಿ, ವಿ5ಸಿ ಪುಸ್ತಕದ (ಕಾರಿನ ನೋಂದಣಿ ದಾಖಲೆಯ) ವಿಳಾಸವೂ ಅದೇ ಆಗಿರಬೇಕು. ವಿ5ಸಿಯಲ್ಲಿ ಹೆಸರಿರುವವರು ಕೀಪರ್, ಅಂದರೆ ಕಾರಿನ ಹೊಣೆ ಹೊತ್ತವರು ಮಾತ್ರ, ಮಾಲೀಕರೆನ್ನುವುದಕ್ಕೆ ಅದು ಪುರಾವೆಯಲ್ಲ. ಅದಕ್ಕೇ ರಸೀದಿ ಬರೆಸಿಕೊಳ್ಳಬೇಕು.

ಕೈ ಬದಲಾದ ಕ್ಷಣಕ್ಕೆ ಹಳೇ ರೋಡ್ ಟ್ಯಾಕ್ಸ್ ಸತ್ತುಹೋಗುತ್ತದೆ, ನಿಮಗೆ ವರ್ಗವಾಗುವುದಿಲ್ಲ. ಮಾರುವವರು ಡಿವಿಎಲ್‌ಎಗೆ (ವಾಹನ ನೋಂದಣಿಯ ಸರ್ಕಾರಿ ಸಂಸ್ಥೆಗೆ) ಆನ್‌ಲೈನಿನಲ್ಲಿ ತಿಳಿಸುವುದನ್ನು ಎದುರಿಗೇ ಮಾಡಿಸಿ, ವಿ5ಸಿಯ ಹಸಿರು ಚೀಟಿ ಇಸಿದುಕೊಳ್ಳಿ. ಅದರಲ್ಲಿನ 12 ಅಂಕಿಯ ಸಂಖ್ಯೆ ಹಾಕಿ ಅಲ್ಲೇ ಫೋನಿನಲ್ಲಿ ಟ್ಯಾಕ್ಸ್ ಕಟ್ಟಿ, ಇನ್ಶೂರೆನ್ಸ್ ಶುರುವಾಗಿದೆಯೇ ನೋಡಿ, ಆಮೇಲೆ ಕೀ ತಿರುಗಿಸಿ. ರಸ್ತೆಯ ಕ್ಯಾಮೆರಾಗಳು ನಂಬರ್ ಪ್ಲೇಟ್ ಓದುತ್ತವೆ, 'ನಾಳೆ ಕಟ್ಟುತ್ತೇನೆ' ನಡೆಯುವುದಿಲ್ಲ.

ಆಮೇಲಿನ ಆರೈಕೆ ಸುಲಭ. ತಿಂಗಳಿಗೊಮ್ಮೆ ಆಯಿಲ್, ಕೂಲೆಂಟ್, ಟಯರ್ ಗಾಳಿ. ಎಷ್ಟೇ ಕಡಿಮೆ ಓಡಿಸಿದರೂ ವರ್ಷಕ್ಕೊಮ್ಮೆ ಆಯಿಲ್ ಮತ್ತು ಫಿಲ್ಟರ್. ಎಂಓಟಿಗೆ ಗರಿಷ್ಠ 54.85 ಪೌಂಡ್. ಕೆಲವು ಕೌನ್ಸಿಲ್‌ಗಳ ಪರೀಕ್ಷಾ ಕೇಂದ್ರಗಳಲ್ಲಿ ಸಾರ್ವಜನಿಕರ ಕಾರನ್ನೂ ನೋಡುತ್ತಾರೆ, ರಿಪೇರಿ ಮಾತ್ರ ಮಾಡುವುದಿಲ್ಲ. ಇಲ್ಲದ ದೋಷ ಹುಡುಕಿ ಅವರಿಗೇನೂ ಲಾಭವಿಲ್ಲ, ಅಲ್ಲಿಗೇ ಹೋಗಿ. ನವೆಂಬರಿಗೆ ಮುಂಚೆ ಗಾಜು ತೊಳೆಯುವ ನೀರಿಗೆ ಹೆಪ್ಪುಗಟ್ಟದ ಸ್ಕ್ರೀನ್‌ವಾಶ್ ಬೆರೆಸಿ, ಐದು ವರ್ಷದ ಮೇಲಿನ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ. ಹಿಮ ಕಟ್ಟಿದ ಗಾಜಿಗೆ ಬಿಸಿನೀರು ಸುರಿಯಬೇಡಿ, ಬಿರುಕು ಬಿಡಬಹುದು. ಇಂಜಿನ್ ಓಡಲು ಬಿಟ್ಟು ಒಳಗೆ ಕಾಫಿ ಕುಡಿಯಲೂ ಹೋಗಬೇಡಿ, ಕೀ ಒಳಗಿದ್ದಾಗ ಕಳುವಾದರೆ ಸಾಮಾನ್ಯವಾಗಿ ಇನ್ಶೂರೆನ್ಸ್ ಕೊಡುವುದಿಲ್ಲ.

ಮಗಳಿಗೆ 12 ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಮಕ್ಕಳ ಸೀಟು ಕಡ್ಡಾಯ. ಸೀಟು ಈಗಾಗಲೇ ಕೊಂಡಿದ್ದರೆ ಜಾಝ್ ನೋಡಲು ಹೋಗುವಾಗ ಜೊತೆಗೇ ಒಯ್ದು ಕೂರಿಸಿ ನೋಡಿ.

ಇವತ್ತು ರಾತ್ರಿ ಆ ಜಾಝ್‌ನ ನಂಬರ್ ಹಾಕಿ ಎಂಓಟಿ ದಾಖಲೆ ತೆಗೆಯಿರಿ. ಅಡ್ವೈಸರಿಯ ಯಾವ ಸಾಲು ಅರ್ಥವಾಗದಿದ್ದರೂ ವರ್ಷ ಮತ್ತು ಮೈಲಿ ಸಮೇತ ಇಲ್ಲಿ ಬರೆಯಿರಿ, ಒಂದೊಂದಾಗಿ ನೋಡಿ ಹೇಳುತ್ತೇನೆ. ನಂಬರ್ ಪ್ಲೇಟ್ ಮಾತ್ರ ಬರೆಯಬೇಡಿ, ಅದು ಇನ್ನೂ ಬೇರೆಯವರ ಕಾರು.