ದುಡ್ಡು ಹಾಕದೆ ಪಾಠದ ವಿಡಿಯೋ ಮಾಡಲು ಯಾವ ಟೂಲ್ ಒಳ್ಳೆಯದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೀರಿ. ಒಂದು ಹಳೇ ಲ್ಯಾಪ್‌ಟಾಪ್, ಒಂದು ಫೋನ್ ಇದೆ. ದುಡ್ಡು ಹಾಕುವ ಹಾಗಿಲ್ಲ. ಯಾರೋ ಕಳಿಸಿದ 50 ಉಚಿತ ಟೂಲ್‌ಗಳ ಪಟ್ಟಿ ನೋಡಿ ತಲೆ ಕೆಟ್ಟಿದೆ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ.

ಮೊದಲು ಆ ಪಟ್ಟಿ ಮುಚ್ಚಿಡಿ. ನಾನೂ ಪಾಠ ಮಾಡುವವನೇ, ನಾನೂ ಅಂಥದೇ ಒಂದು ಪಟ್ಟಿ ಹಿಡಿದುಕೊಂಡು ಶುರು ಮಾಡಿದವನು. ಎರಡು ತಿಂಗಳು ಕಳೆದರೂ ಒಂದು ವಿಡಿಯೋ ಮುಗಿದಿರಲಿಲ್ಲ. ಒಂದೊಂದು ಸೈಟಿಗೂ ಅಕೌಂಟ್ ತೆರೆಯುವುದು, ಪಾಸ್‌ವರ್ಡ್ ಮರೆಯುವುದು, ಮತ್ತೆ ಹೊಸದು ಹುಡುಕುವುದು, ಇಷ್ಟೇ ಆಗಿತ್ತು.

ಉಚಿತ ಅನ್ನುವುದರಲ್ಲೇ ಎರಡು ಜಾತಿ ಇದೆ. ಒಂದು, ಓಪನ್ ಸೋರ್ಸ್ ಸಾಫ್ಟ್‌ವೇರ್. ಇಳಿಸಿಕೊಂಡರೆ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ, ಅಕೌಂಟ್ ಬೇಡ, ವಾಟರ್‌ಮಾರ್ಕ್ (ವಿಡಿಯೋ ಮೇಲೆ ಬೀಳುವ ಕಂಪನಿಯ ಗುರುತು) ಇಲ್ಲ, ಇಷ್ಟೇ ನಿಮಿಷ ಅನ್ನುವ ಮಿತಿಯೂ ಇಲ್ಲ. ಇನ್ನೊಂದು, ಕಂಪನಿಗಳು ಕೊಡುವ ಫ್ರೀ ಪ್ಲಾನ್. ಅದು ಅವರ ಮನೆ, ನಾವು ಅತಿಥಿಗಳು. ನಾನು ಒಮ್ಮೆ ಒಂದು ಆನಿಮೇಷನ್ ಸೈಟಿನಲ್ಲಿ ಮೂರು ಸಂಜೆ ಕೂತು ಜೀರ್ಣಾಂಗಗಳ ವಿಡಿಯೋ ಮಾಡಿದೆ. ಕೊನೆಗೆ ಡೌನ್‌ಲೋಡ್ ಒತ್ತಿದರೆ ಸರಿಯಾಗಿ ಹೊಟ್ಟೆಯ ಮೇಲೆ ಅವರ ಲೋಗೋ! ತೆಗೆಯಬೇಕಾದರೆ ದುಡ್ಡು. ಹೋಗಲಿ ಅಂತ ಹಾಗೇ ಬಿಟ್ಟೆ. ಆಮೇಲೆ ಅವರು ಪ್ಲಾನ್ ಬದಲಾಯಿಸಿದರು, ಹಳೇ ಕೆಲಸ ತೆರೆಯುವುದಕ್ಕೂ ಆಗದ ಹಾಗಾಯಿತು. ಸಣ್ಣ ಸೈಟು, ಅದಕ್ಕೇ ಹೀಗೆ ಅನ್ನಬೇಡಿ. ಮಕ್ಕಳಿಂದ ಚಿಕ್ಕ ವಿಡಿಯೋದಲ್ಲಿ ಉತ್ತರ ಪಡೆಯಲು ಟೀಚರ್‌ಗಳು ತುಂಬಾ ಬಳಸುತ್ತಿದ್ದ ಮೈಕ್ರೋಸಾಫ್ಟ್‌ನ ಫ್ಲಿಪ್ 2024ರಲ್ಲಿ ಪ್ರತ್ಯೇಕ ಆ್ಯಪ್ ಆಗಿ ಇಲ್ಲವಾಯಿತು. ಗೂಗಲ್‌ನ ಆನ್‌ಲೈನ್ ಬರೆಯುವ ಹಲಗೆ ಜ್ಯಾಮ್‌ಬೋರ್ಡ್ ಕೂಡ ಅದೇ ವರ್ಷದ ಕೊನೆಗೆ ಮುಚ್ಚಿತು. ಹಾಗಾಗಿ ಏನೇ ಮಾಡಿದರೂ ಎಂಪಿ4 (ಸಾಮಾನ್ಯ ವಿಡಿಯೋ) ಫೈಲ್ ಇಳಿಸಿ ನಿಮ್ಮ ಹತ್ತಿರವೇ ಒಂದು ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಇಳಿಸಲು ಬಿಡದ ಟೂಲ್ ಎಷ್ಟೇ ಚೆನ್ನಾಗಿರಲಿ, ಬೇಡ.

ಈಗ ರೆಕಾರ್ಡಿಂಗ್. ನಿಮ್ಮ ಕಂಪ್ಯೂಟರ್‌ನಲ್ಲಿ ಪವರ್‌ಪಾಯಿಂಟ್ ಇದ್ದರೆ ಸ್ಲೈಡ್ ಶೋ ಜೊತೆಗೇ ದನಿ ರೆಕಾರ್ಡ್ ಮಾಡಿ, ಅದನ್ನೇ ವಿಡಿಯೋ ಆಗಿ ಎಕ್ಸ್‌ಪೋರ್ಟ್ ಮಾಡಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಇದರ ಒಳ್ಳೇ ಗುಣ ಅಂದರೆ ದನಿ ಒಂದೊಂದು ಸ್ಲೈಡಿಗೆ ಬೇರೆ ಬೇರೆ ಕೂರುತ್ತದೆ, ಏಳನೇ ಸ್ಲೈಡಿನಲ್ಲಿ ತೊದಲಿದರೆ ಅದೊಂದನ್ನೇ ಮತ್ತೆ ಹೇಳಿದರೆ ಸಾಕು. ಪವರ್‌ಪಾಯಿಂಟ್ ಇಲ್ಲದಿದ್ದರೆ ಲಿಬ್ರೆ ಆಫೀಸ್‌ನಲ್ಲಿ ಸ್ಲೈಡ್ ಮಾಡಿ, ಓಬಿಎಸ್ ಸ್ಟುಡಿಯೋದಲ್ಲಿ ಪರದೆಯನ್ನು ರೆಕಾರ್ಡ್ ಮಾಡಿ. ಎರಡೂ ಓಪನ್ ಸೋರ್ಸ್. ಓಬಿಎಸ್ ತೆರೆದ ತಕ್ಷಣ ವಿಮಾನದ ಕಾಕ್‌ಪಿಟ್ ಥರ ಕಾಣುತ್ತದೆ, ಹೆದರಬೇಡಿ, ನಿಮಗೆ ಬೇಕಾಗಿರುವುದು ಮೂರೇ ವಿಷಯ. ಸೋರ್ಸ್‌ನಲ್ಲಿ ಡಿಸ್‌ಪ್ಲೇ ಕ್ಯಾಪ್ಚರ್ (ಇಡೀ ಪರದೆ ಹಿಡಿಯುವುದು) ಸೇರಿಸಿ. ಮಾತಾಡುವಾಗ ಮೈಕ್‌ನ ಪಟ್ಟಿ ಹಳದಿಯಲ್ಲಿ ಆಡುತ್ತಿರಲಿ, ಕೆಂಪು ಮುಟ್ಟಬಾರದು. ರೆಕಾರ್ಡಿಂಗ್ ಫಾರ್ಮ್ಯಾಟ್ (ವಿಡಿಯೋ ಫೈಲಿನ ಬಗೆ) ಎಂಕೆವಿ ಇರಲಿ, ಯಾಕೆಂದರೆ ನಡುವೆ ಕರೆಂಟ್ ಹೋದರೆ ಸಾಮಾನ್ಯ ಎಂಪಿ4 ಪೂರ್ತಿ ಹಾಳಾಗುತ್ತದೆ, ಎಂಕೆವಿ ಅಲ್ಲಿಯವರೆಗಿನದನ್ನು ಉಳಿಸಿಕೊಡುತ್ತದೆ. ಮುಗಿದ ಮೇಲೆ ಫೈಲ್ ಮೆನುವಿನಲ್ಲಿ ರೀಮಕ್ಸ್ ಅಂತ ಇದೆ, ಒಂದು ಕ್ಲಿಕ್ಕಿಗೆ ಎಂಪಿ4 ಆಗುತ್ತದೆ.

ಹೊಸಬರು ತಲೆ ಕೆಡಿಸಿಕೊಳ್ಳುವುದು ಕ್ಯಾಮೆರಾ ಬಗ್ಗೆ, ಕೈ ಕೊಡುವುದು ಮಾತ್ರ ದನಿ. ಚಿತ್ರ ಸ್ವಲ್ಪ ಮಬ್ಬಾಗಿದ್ದರೂ ಮಕ್ಕಳು ನೋಡುತ್ತಾರೆ. ದನಿ ಗೊಜಗೊಜ ಅಂದರೆ ಅರ್ಧ ನಿಮಿಷಕ್ಕೇ ಬಿಡುತ್ತಾರೆ. ಲ್ಯಾಪ್‌ಟಾಪಿನ ಮೈಕ್ ನಿಮ್ಮ ಬಾಯಿಂದ ದೂರ, ಅದರ ಫ್ಯಾನ್‌ಗೆ ಹತ್ತಿರ, ಅದಕ್ಕೇ ಆ ಗೊರಗೊರ. ಫೋನ್ ಜೊತೆ ಬಂದ ವೈರ್ ಇಯರ್‌ಫೋನ್ ಮೈಕ್ ಅದಕ್ಕಿಂತ ಎಷ್ಟೋ ಮೇಲು. ಕೋಣೆಯ ಫ್ಯಾನ್ ಆಫ್ ಮಾಡಿ. ಖಾಲಿ ಗೋಡೆಗಳ ಕೋಣೆ ಬೇಡ, ಹಾಸಿಗೆ ಬಟ್ಟೆ ತುಂಬಿರುವ ಕೋಣೆಯಲ್ಲಿ ಕೂತರೆ ಪ್ರತಿಧ್ವನಿ ತಾನಾಗೇ ಕಡಿಮೆಯಾಗುತ್ತದೆ. ರೆಕಾರ್ಡ್ ಒತ್ತಿದ ಮೇಲೆ ಎರಡು ಮೂರು ಸೆಕೆಂಡ್ ಸುಮ್ನೆ ಇರಿ. ಆಮೇಲೆ ಅಡಾಸಿಟಿ ಅನ್ನುವ ಉಚಿತ ಆಡಿಯೋ ಎಡಿಟರ್‌ನಲ್ಲಿ ಆ ಖಾಲಿ ಭಾಗವನ್ನಷ್ಟೇ ಸೆಲೆಕ್ಟ್ ಮಾಡಿ, ನಾಯ್ಸ್ ರಿಡಕ್ಷನ್‌ನಲ್ಲಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ, ಬಳಿಕ ಇಡೀ ಆಡಿಯೋ ಸೆಲೆಕ್ಟ್ ಮಾಡಿ ಅದೇ ಎಫೆಕ್ಟ್ ಹಾಕಿ. ಹಿಂದಿನ ಗುಂಯ್ ಸದ್ದು ಎಷ್ಟೋ ಹೋಗುತ್ತದೆ. ಜಾಸ್ತಿ ಎಳೆದರೆ ಮಾತ್ರ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. ನನ್ನ ಮೊದಲ ನಾಲ್ಕು ವಿಡಿಯೋ ಹಾಗೇ ಇವೆ.

ಎಡಿಟಿಂಗ್‌ಗೆ ಶಾಟ್‌ಕಟ್ ಸಾಕು. ಓಪನ್‌ಶಾಟ್, ಕೆಡೆನ್‌ಲೈವ್ ಕೂಡ ಉಚಿತವೇ, ಯಾವುದೋ ಒಂದು ಹಿಡಿಯಿರಿ. ಡಾವಿಂಚಿ ರಿಸಾಲ್ವ್‌ನ ಫ್ರೀ ಆವೃತ್ತಿ ಭರ್ಜರಿಯಾಗಿದೆ ನಿಜ, ಆದರೆ ಹಳೇ ಲ್ಯಾಪ್‌ಟಾಪ್ ಅದರ ಭಾರಕ್ಕೆ ಕುಸಿದು ಕೂರುತ್ತದೆ. ಒಂದು ಕಿವಿಮಾತು: ಕೆಲವು ಎಡಿಟರ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಹೋಗುತ್ತದೆ, ದ್ಯುತಿಸಂಶ್ಲೇಷಣೆ ಅಂತ ಟೈಪ್ ಮಾಡಿದರೆ ಅಕ್ಷರಗಳು ದಿಕ್ಕಿಗೊಂದಾಗಿ ಕೂರುತ್ತವೆ. ಅದನ್ನು ಸರಿ ಮಾಡಲು ಹೋಗಿ ಟೈಮ್ ಕಳೆಯಬೇಡಿ. ಶೀರ್ಷಿಕೆಯನ್ನು ಸ್ಲೈಡಿನಲ್ಲಿ ಬರೆದು, ಚಿತ್ರವಾಗಿ ಉಳಿಸಿ, ಆ ಚಿತ್ರವನ್ನೇ ವಿಡಿಯೋದಲ್ಲಿ ಹಾಕಿ.

ಇನ್ನು ಎಷ್ಟು ಉದ್ದ? ನೀವು 40 ನಿಮಿಷದ ಪಾಠವನ್ನೇ ಪೂರ್ತಿ ವಿಡಿಯೋ ಮಾಡಬೇಕು ಅಂತ ಬರೆದಿದ್ದೀರಿ. ಬೇಡ ಮಾರಾಯ್ರೇ. 2014ರಲ್ಲಿ ಎಡ್‌ಎಕ್ಸ್ ಅನ್ನುವ ಆನ್‌ಲೈನ್ ಕಲಿಕೆ ಸೈಟಿನ ಕೋರ್ಸ್‌ಗಳನ್ನು ಜನ ಹೇಗೆ ನೋಡುತ್ತಾರೆ ಅಂತ ಒಂದು ಅಧ್ಯಯನ ಬಂತು, 69 ಲಕ್ಷ ವೀಕ್ಷಣೆಗಳ ಲೆಕ್ಕ ಇಟ್ಟುಕೊಂಡು ಮಾಡಿದ್ದು. ವಿಡಿಯೋ ಎಷ್ಟೇ ಉದ್ದ ಇರಲಿ, ಮಧ್ಯಮ ಲೆಕ್ಕದಲ್ಲಿ ಜನ ನೋಡಿದ್ದು 6 ನಿಮಿಷದ ಒಳಗೇ. ಅದೂ ತಾವಾಗಿ ಬಂದು ಸೇರಿಕೊಂಡವರು! ಒಂದು ವಿಡಿಯೋಗೆ ಒಂದೇ ವಿಷಯ ಸಾಕು. ಇನ್ನೊಂದು ತಪ್ಪು ನಾವೆಲ್ಲ ಮಾಡುತ್ತೇವೆ: ಸ್ಲೈಡ್ ತುಂಬಾ ಬರೆದು, ಅದನ್ನೇ ಗಟ್ಟಿಯಾಗಿ ಓದುವುದು. ರಿಚರ್ಡ್ ಮೇಯರ್ ಅನ್ನುವ ಮನಶ್ಶಾಸ್ತ್ರಜ್ಞ ವರ್ಷಗಟ್ಟಲೆ ಪ್ರಯೋಗ ಮಾಡಿ ತೋರಿಸಿದ್ದು ಇದರ ಬಗ್ಗೆಯೇ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದರೆ ತಲೆಗೆ ಹೋಗುತ್ತದೆ, ಅದೇ ಮಾತನ್ನು ಪರದೆಯ ಮೇಲೂ ಬರೆದರೆ ಕಣ್ಣು ಚಿತ್ರ ಬಿಟ್ಟು ಅಕ್ಷರದ ಹಿಂದೆ ಓಡುತ್ತದೆ.

ಎಲ್ಲವನ್ನೂ ನೀವೇ ಮಾಡಬೇಕಾಗಿಯೂ ಇಲ್ಲ. ವಿಜ್ಞಾನದವರಿಗೆ ಫೆಟ್ ಅನ್ನುವುದು ದೊಡ್ಡ ಖಜಾನೆ. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಸಿಮ್ಯುಲೇಷನ್‌ಗಳು. ಉಚಿತ, ಎಷ್ಟೋ ಕನ್ನಡದಲ್ಲೂ ಇವೆ, ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ಓಡುತ್ತವೆ. ಅದರಲ್ಲಿ ಸರ್ಕ್ಯೂಟ್ ಕಟ್ಟುವುದು ಒಂದಿದೆ. ಬ್ಯಾಟರಿಯ ಎರಡು ತುದಿಗೂ ನೇರ ವೈರ್ ಹಾಕಿದರೆ ಪರದೆಯ ಮೇಲೆ ಬೆಂಕಿ ಹತ್ತಿಕೊಳ್ಳುತ್ತದೆ. ನಾನು ಆ ವೈರ್ ಸೇರಿಸುವ ಮುಂಚೆ ನಿಲ್ಲಿಸಿ, ಈಗ ಏನಾಗುತ್ತೆ ಹೇಳಿ ಅಂತ ಕೇಳುತ್ತೇನೆ. ಆಮೇಲೆ ಶಾರ್ಟ್ ಸರ್ಕ್ಯೂಟ್ ಅಂದರೇನು ಅಂತ ಜಾಸ್ತಿ ಹೇಳುವ ಕೆಲಸವೇ ಇರುವುದಿಲ್ಲ. ನಾನು ಮಾಡಿದ ಯಾವ ಆನಿಮೇಷನ್ನೂ ಇಷ್ಟು ಕೆಲಸ ಮಾಡಿಲ್ಲ. ಗಣಿತದ ಟೀಚರ್ ಯಾರಾದರೂ ಓದುತ್ತಿದ್ದರೆ, ನಿಮಗೆ ರೇಖಾಗಣಿತ, ಗ್ರಾಫ್ ಬಿಡಿಸಿ ತೋರಿಸುವ ಜಿಯೋಜಿಬ್ರಾ ಇದೆ.

ವಿಡಿಯೋ ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವುದಕ್ಕೆ ಎಡ್‌ಪಜಲ್ ಸುಲಭ, ಫ್ರೀ ಪ್ಲಾನ್‌ನಲ್ಲಿ ಎಷ್ಟು ವಿಡಿಯೋ ಇಡಬಹುದು ಅನ್ನುವುದಕ್ಕೆ ಮಿತಿ ಇದೆ ಅಷ್ಟೇ. ಮಿತಿ ಬೇಡ ಅಂದರೆ ಎಚ್5ಪಿ, ಅದೂ ವಿಡಿಯೋದಲ್ಲಿ ಪ್ರಶ್ನೆ ಸೇರಿಸಲು ಬಳಸುವ ಓಪನ್ ಸೋರ್ಸ್ ಟೂಲ್. ಲೂಮಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡರೆ ನಿಮ್ಮ ಕಂಪ್ಯೂಟರ್‌ನಲ್ಲೇ ಮಾಡಬಹುದು. ಕಲಿಯಲು ಒಂದು ಸಂಜೆ ಬೇಕು.

ಚಿತ್ರಗಳನ್ನು ಗೂಗಲ್‌ನಲ್ಲಿ ಸಿಕ್ಕಿದ್ದು ಸಿಕ್ಕ ಹಾಗೆ ಎತ್ತಬೇಡಿ, ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ. ಹೃದಯದ ಒಳಭಾಗದಿಂದ ಹಿಡಿದು ಜ್ವಾಲಾಮುಖಿಯವರೆಗೆ ಎಲ್ಲವೂ ಇದೆ. ಕೆಳಗೆ ಲೈಸೆನ್ಸ್ ಬರೆದಿರುತ್ತದೆ. ಹೆಚ್ಚಿನವಕ್ಕೆ ಮಾಡಿದವರ ಹೆಸರು ಹಾಕಬೇಕು, ಅದನ್ನು ಕೊನೆಯ ಸ್ಲೈಡಿನಲ್ಲಿ ಹಾಕಿದರೆ ಆಯಿತು.

ಹಂಚುವುದಕ್ಕೆ ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಅಂತ ಇಡಿ, ಲಿಂಕ್ ಇದ್ದವರು ಮಾತ್ರ ನೋಡುತ್ತಾರೆ. ಆದರೆ ಲಿಂಕ್ ಯಾರು ಬೇಕಾದರೂ ಮುಂದೆ ಕಳಿಸಬಹುದು ಅಲ್ವಾ, ಅದಕ್ಕೇ ಮಕ್ಕಳ ಮುಖ, ಹೆಸರು ಇರುವ ವಿಡಿಯೋವನ್ನು ನಾನು ಅಲ್ಲಿ ಹಾಕುವುದೇ ಇಲ್ಲ. ಫೋನಿಗೇ ಕಳಿಸುವುದಾದರೆ ಮೊದಲು ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಚಿತ್ರದ ಗಾತ್ರವನ್ನು 720ಪಿಗೆ ಇಳಿಸಿ. ಸ್ಲೈಡ್ ವಿಡಿಯೋದಲ್ಲಿ ಅಲುಗಾಡುವುದು ಕಡಿಮೆ, ಫೈಲ್ ಚೆನ್ನಾಗಿ ಕುಗ್ಗುತ್ತದೆ, ಅಕ್ಷರವೂ ಓದುವಂತೆ ಇರುತ್ತದೆ. ಮಕ್ಕಳ ಡೇಟಾ ಉಳಿಯುತ್ತದೆ.